ಕುಕೀ ಇಲ್ಲದೆ ಓದುಗರನ್ನು ಎಣಿಸಬಹುದೇ?

ಜಾಲತಾಣಕ್ಕೆ ಎಷ್ಟು ಜನ ಬಂದರೆಂದು ತಿಳಿಯಲು ಪ್ರತಿಯೊಬ್ಬರ ಬೆನ್ನುಹತ್ತಲೇಬೇಕು ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ.

ಪ್ಲಾಸಿಬಲ್‌ನಂತಹ ಸಾಧನಗಳು ನಿಮ್ಮ ಐಪಿ ವಿಳಾಸ, ಬ್ರೌಸರ್ ವಿವರ ಮತ್ತು ತಾಣದ ಹೆಸರಿಗೆ ಒಂದು ಗುಟ್ಟಿನ ಸಂಖ್ಯೆ ಬೆರೆಸಿ ಗುರುತೊಂದನ್ನು ತಯಾರಿಸುತ್ತವೆ. ಐಪಿ ವಿಳಾಸವನ್ನು ಉಳಿಸಿಕೊಳ್ಳುವುದಿಲ್ಲ. 24 ಗಂಟೆಗೊಮ್ಮೆ ಆ ಗುಟ್ಟಿನ ಸಂಖ್ಯೆಯೂ ಅಳಿದು ಹೊಸದು ಬರುತ್ತದೆ. ಹಾಗಾಗಿ ಇಂದು ನೀವು ಮೂರು ಪುಟ ಓದಿದರೂ ಲೆಕ್ಕಕ್ಕೆ ಒಬ್ಬರೇ. ನಾಳೆ ಬಂದರೆ ಹೊಸಬರು.

ಇದಕ್ಕೊಂದು ಮಿತಿಯಿದೆ. ತಿಂಗಳಲ್ಲಿ ಹತ್ತು ದಿನ ಬಂದ ಒಬ್ಬ ಓದುಗ ಹತ್ತು ಜನರಂತೆ ಕಾಣಬಹುದು. ಆದರೆ ಕುಕೀ ಲೆಕ್ಕವೂ ಪಕ್ಕಾ ಅಲ್ಲ: ಅನುಮತಿ ನಿರಾಕರಿಸಿದವರು ಅದರಲ್ಲಿ ಸೇರುವುದೇ ಇಲ್ಲ, ಕುಕೀ ಅಳಿಸಿದವರು ಎರಡು ಬಾರಿ ಸೇರುತ್ತಾರೆ. ಯಾವ ಲೇಖನವನ್ನು ಹೆಚ್ಚು ಓದಿದರು, ಎಲ್ಲಿಂದ ಬಂದರು ಎಂದು ತಿಳಿಯಲು ಓದುಗರು ಯಾರೆಂದು ಗೊತ್ತಾಗಬೇಕಿಲ್ಲ.