ಹಾಸ್ಟೆಲ್ ತುಂಬಾ ಮ್ಯಾನೇಜರ್‌ಗಳು, ಗ್ರೌಂಡ್‌ನಲ್ಲಿ ಕೋಚ್ ಇಲ್ಲ

ರಾತ್ರಿ ಹನ್ನೊಂದರ ಮೇಲೆ ನಮ್ಮ ಹಾಸ್ಟೆಲ್‌ನ ಎರಡನೇ ಫ್ಲೋರ್‌ಗೆ ಬಂದು ನೋಡಿ. ಎರಡು ರೂಮಿಗೆ ಒಬ್ಬ ಫುಟ್‌ಬಾಲ್ ಮ್ಯಾನೇಜರ್ ಸಿಗ್ತಾನೆ. ಒಬ್ಬ ಲ್ಯಾಪ್‌ಟಾಪ್ ಮುಂದೆ ಕೂತು ಆರ್ಸೆನಲ್ ನಡೆಸ್ತಿರ್ತಾನೆ, ಇನ್ನೊಬ್ಬ ಯಾವುದೋ ಮೂರನೇ ಡಿವಿಷನ್ ಟೀಮನ್ನ ಚಾಂಪಿಯನ್ಸ್ ಲೀಗ್‌ವರೆಗೂ ತಂದಿರ್ತಾನೆ. "ಈ ಲೆಫ್ಟ್ ಬ್ಯಾಕ್ ಸರಿ ಇಲ್ಲ ಮಗಾ, ಮಾರಿಬಿಡು" ಅಂತ ಸೀರಿಯಸ್ಸಾಗಿ ಚರ್ಚೆ ನಡೀತಿರುತ್ತೆ. ಆದ್ರೆ ಇದೇ ಹುಡುಗರು ಹಗಲು ಹೊತ್ತಲ್ಲಿ ಆಡೋ ನಿಜವಾದ ಟೀಮ್‌ಗೆ, ಅಂದ್ರೆ ನಮ್ಮ ಕಾಲೇಜ್ ಟೀಮ್‌ಗೆ, ಕೋಚ್ ಅಂತ ಯಾರೂ ಇಲ್ಲ.

ಪಿಇ ಸರ್ ಇದ್ದಾರೆ, ನಿಜ. ಪಾಪ, ಅವರೊಬ್ಬರೇ ಕ್ರಿಕೆಟ್, ವಾಲಿಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ಎಲ್ಲಾ ನೋಡ್ಕೋಬೇಕು. ಹಾಗಾಗಿ ಫುಟ್‌ಬಾಲ್‌ನಲ್ಲಿ ನಮ್ಮ ಪದ್ಧತಿ ಸಿಂಪಲ್. ಯಾರು ಚೆನ್ನಾಗಿ ಆಡ್ತಾನೋ ಅವನು ಕ್ಯಾಪ್ಟನ್, ಯಾರು ಕ್ಯಾಪ್ಟನ್ನೋ ಅವನೇ ಕೋಚ್. ಅವನು ಹೇಳೋದು ಎರಡೇ ಮಾತು: "ಓಡ್ರೋ", "ಪಾಸ್ ಮಾಡ್ರೋ". ಹೋದ ಸಲ ಝೋನಲ್ಸ್‌ನಲ್ಲಿ ಮೊದಲ ಮ್ಯಾಚೇ 4-0 ಸೋತು, ಮಧ್ಯಾಹ್ನದ ಊಟದ ಹೊತ್ತಿಗೆ ಮೆಸ್‌ಗೆ ವಾಪಸ್ ಬಂದಿದ್ವಿ. ನಾನು ಆ ಟೀಮಿನ ರೈಟ್ ಬ್ಯಾಕ್. ನಾಲ್ಕರಲ್ಲಿ ಎರಡು ಗೋಲು ನನ್ನ ಕಡೆಯಿಂದಲೇ ಬಂದಿದ್ದು. ಹಾಗಾಗಿ ಈ ವಿಷಯ ಬರೆಯೋ ಅರ್ಹತೆ ನನಗಿದೆ ಅಂದ್ಕೊಂಡಿದ್ದೀನಿ.

ಚೆನ್ನಾಗಿ ಆಡೋನಿಗೆ ಕಲಿಸೋದೂ ತಾನಾಗೇ ಬರುತ್ತೆ ಅಂತ ನಾವೆಲ್ಲಾ ನಂಬಿದ್ದೀವಿ. ಕಲಿಸೋದು ಬೇರೆಯದೇ ಕೆಲಸ, ಅದಕ್ಕೆ ಬೇರೆಯದೇ ಆಯಸ್ಸು ಬೇಕು ಅಂತ ನನಗೆ ಹೊಳೆದಿದ್ದು ನಮ್ಮೂರಿನ ಒಬ್ಬ ಆಟಗಾರರ ಬಗ್ಗೆ ಓದಿದ ಮೇಲೆ. ಅವರ ಹೆಸರು ಕಾರ್ಲ್‌ಟನ್ ಚಾಪ್‌ಮನ್.

ಹೆಸರು ಕೇಳಿಲ್ಲ ಅಂದ್ರೆ ಬೇಜಾರಿಲ್ಲ, ನಾನೂ ಕೇಳಿರಲಿಲ್ಲ. ಚಾಪ್‌ಮನ್ ಹುಟ್ಟಿದ್ದು 1971ರಲ್ಲಿ, ಬೆಂಗಳೂರಲ್ಲಿ. ಜಮ್ಷೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಕಲಿತು, 1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ್ರು. ಆಡ್ತಿದ್ದಿದ್ದು ಮಿಡ್‌ಫೀಲ್ಡ್‌ನಲ್ಲಿ. ಆದ್ರೂ ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜಾವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದ್ರು. ಈಸ್ಟ್ ಬೆಂಗಾಲ್ 6-2ರಿಂದ ಗೆದ್ದಿತು. ಆಮೇಲೆ ಪಂಜಾಬಿನ ಜೆಸಿಟಿ. ಅಲ್ಲಿ ಐ.ಎಂ. ವಿಜಯನ್, ಭೈಚುಂಗ್ ಭುಟಿಯಾ ಜೊತೆ ಆಡಿ 1996-97ರ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದರು. 1997ರಲ್ಲಿ ಸ್ಯಾಫ್ ಕಪ್ ಗೆದ್ದ ಭಾರತ ತಂಡದಲ್ಲಿ ಇದ್ರು, ದೇಶದ ತಂಡದ ನಾಯಕರೂ ಆಗಿದ್ರು. ಮತ್ತೆ ಈಸ್ಟ್ ಬೆಂಗಾಲ್‌ಗೆ ಹೋಗಿ, ಕ್ಯಾಪ್ಟನ್ ಆಗಿ 2000-01ರ ನ್ಯಾಷನಲ್ ಲೀಗನ್ನೂ ಎತ್ತಿದ್ರು. ಅದಾದ ಮೇಲೆ ವೃತ್ತಿಪರ ಆಟ ನಿಲ್ಲಿಸಿದ್ರು. ಆಗ ವಯಸ್ಸು ಮೂವತ್ತು.

ನಮ್ಮ ಗೇಮ್‌ನಲ್ಲಾದ್ರೆ ಇಲ್ಲಿಗೆ ಕಥೆ ಮುಗೀತು. ಆದ್ರೆ ಚಾಪ್‌ಮನ್ ಅವರ ಕೆಲಸ ಇನ್ನೂ ಸುಮಾರು ಹದಿನೆಂಟು ವರ್ಷ ನಡೀತು. ಆಡಿದ್ದಕ್ಕಿಂತ ಜಾಸ್ತಿ ವರ್ಷ ಅವರು ಕಲಿಸಿದ್ದಾರೆ. ತಾವು ಕಲಿತ ಟಾಟಾ ಅಕಾಡೆಮಿಗೇ ಕೋಚ್ ಆಗಿ ವಾಪಸ್ ಹೋದ್ರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ನಮ್ಮ ಬೆಂಗಳೂರಿನ ಸ್ಟೂಡೆಂಟ್ಸ್ ಯೂನಿಯನ್, ದೆಹಲಿಯ ಸುದೇವ, ಕೋಯಿಕ್ಕೋಡ್‌ನ ಕ್ವಾರ್ಟ್ಜ್. ಈ ಲಿಸ್ಟ್‌ನಲ್ಲಿ ಟಿವಿಯಲ್ಲಿ ಬರೋ ದೊಡ್ಡ ಹೆಸರು ಹುಡುಕಿದ್ರೂ ಸಿಗಲ್ಲ. ಮೇಲೆ ಬರೋಕೆ ಒದ್ದಾಡೋ ಸಣ್ಣ ಕ್ಲಬ್‌ಗಳು, ನಮ್ಮ ವಯಸ್ಸಿನ ಹುಡುಗರು.

2020ರ ಅಕ್ಟೋಬರ್ 12ರಂದು, ಬೆಂಗಳೂರಿನ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡ್ರು. 49 ವರ್ಷ ಅಷ್ಟೇ. ಆಗಿನ ಶ್ರದ್ಧಾಂಜಲಿ ಬರಹಗಳನ್ನ ನಾನು ಈಗ ಹುಡುಕಿ ಓದಿದೆ. ಸಿಕ್ಕಿದ ಎಲ್ಲದರಲ್ಲೂ ಆ ಹ್ಯಾಟ್ರಿಕ್ ಇದೆ. ಕೋಚಿಂಗ್ ವರ್ಷಗಳಿಗೆ ಕೊನೆಯಲ್ಲಿ ಒಂದೆರಡು ಸಾಲು. ಒಂದು ಸಂಜೆಯ ಮೂರು ಗೋಲಿಗೆ ಇಡೀ ಪ್ಯಾರಾ, ಹದಿನೆಂಟು ವರ್ಷದ ಕೆಲಸಕ್ಕೆ ಎರಡು ಸಾಲು. ಇದು ಬರೆದವರ ತಪ್ಪು ಅಂತ ನಾನು ಹೇಳ್ತಿಲ್ಲ. ಬರೀ ಅಂದಿದ್ರೆ ನಾನೂ ಹಾಗೇ ಬರೀತಿದ್ದೆ. ಗೋಲಿಗೆ ಸ್ಕೋರ್‌ಬೋರ್ಡ್ ಇದೆ, ಕಲಿಸಿದ್ದಕ್ಕೆ ಇಲ್ಲ.

ಅನುಮಾನ ಇದ್ರೆ ಒಂದು ಸಣ್ಣ ಕ್ವಿಜ್. 2023ರ ಮಾರ್ಚ್‌ನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನ 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1968-69ರಲ್ಲಿ ಮೈಸೂರು ಅನ್ನೋ ಹೆಸರಲ್ಲಿ ಗೆದ್ದಿದ್ದು ಬಿಟ್ರೆ, 54 ವರ್ಷ ಆದ ಮೇಲೆ ಬಂದ ಕಪ್ ಅದು. ಆ ಟೀಮಿನ ಕೋಚ್ ಯಾರು? ನಮ್ಮ ವಿಂಗ್‌ನಲ್ಲಿ ಹನ್ನೊಂದು ಜನರನ್ನ ಕೇಳಿದೆ. ಪೆಪ್ ಗಾರ್ಡಿಯೋಲಾ ಯಾವ ವರ್ಷ ಯಾವ ಕ್ಲಬ್‌ನಲ್ಲಿದ್ದ ಅಂತ ನಿದ್ದೆಯಲ್ಲೂ ಹೇಳೋ ಜನ ಇವರು. ಒಬ್ಬರಿಗೂ ಗೊತ್ತಿರಲಿಲ್ಲ. ಉತ್ತರ: ರವಿ ಬಾಬು ರಾಜು. ನಾನೂ ಗೂಗಲ್ ಮಾಡಿಯೇ ತಿಳ್ಕೊಂಡಿದ್ದು, ಅದನ್ನ ಒಪ್ಕೊಳ್ತೀನಿ.

ಹಾಗಾದ್ರೆ ಕೋಚ್ ನಿಜವಾಗಿ ಮಾಡೋದೇನು? ನನಗೆ ಅರ್ಥ ಆಗಿದ್ದು ಒಂದು ಶನಿವಾರ ಸಂಜೆ. ಯಲಹಂಕ ನ್ಯೂ ಟೌನ್ ಹತ್ರ ಒಂದು ಟರ್ಫ್‌ನಲ್ಲಿ ಆಡ್ತಿದ್ವಿ. ನೆಟ್ ಆಚೆ ವಾಕಿಂಗ್ ಶೂ ಹಾಕ್ಕೊಂಡಿದ್ದ ಒಬ್ಬರು ಅಂಕಲ್ ನಿಂತು ನೋಡ್ತಿದ್ರು. ಬಾಲ್ ಹೊರಗೆ ಹೋದಾಗ ನನ್ನನ್ನ ಕರೆದು, "ಏನಪ್ಪಾ, ಈಗ ನಿನ್ನ ಹಿಂದೆ ಯಾರಿದ್ದ ಹೇಳು?" ಅಂದ್ರು. ಗೊತ್ತಿರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಮೂರನೇ ಸಲ ಕೇಳೋ ಹೊತ್ತಿಗೆ ನಾನು ಬಾಲ್ ಬರೋಕೆ ಮುಂಚೆನೇ ಕತ್ತು ತಿರುಗಿಸಿ ನೋಡೋಕೆ ಶುರು ಮಾಡಿದ್ದೆ. ಆವತ್ತು ನನ್ನ ಕಡೆಯಿಂದ ಗೋಲು ಬರಲಿಲ್ಲ. ನಾವು ಸೋತ್ವಿ, ಅದು ಬೇರೆ ವಿಷಯ. ಹೋಗೋವಾಗ, ವಯಸ್ಸಿದ್ದಾಗ ಒಂದು ಫ್ಯಾಕ್ಟರಿ ಟೀಮ್‌ಗೆ ಲೀಗ್ ಆಡ್ತಿದ್ದೆ ಅಂದ್ರು.

ಝೋನಲ್ಸ್‌ನ ಆ ಎರಡು ಗೋಲೂ ಹೀಗೇ ಬಂದಿದ್ದು. ನಾನು ಬಾಲ್ ನೋಡ್ತಾ ಇದ್ದೆ, ವಿಂಗರ್ ನನ್ನ ಬೆನ್ನ ಹಿಂದಿಂದ ಓಡಿ ಹೋದ. ಇಡೀ ವರ್ಷ ಕ್ಯಾಪ್ಟನ್ "ಓಡ್ರೋ" ಅಂತ ಕೂಗಿದ್ರೂ ಸರಿ ಹೋಗದ ತಪ್ಪು, ಹೊರಗೆ ನಿಂತ ಒಬ್ಬರ ಒಂದೇ ಪ್ರಶ್ನೆಗೆ ಸರಿ ಹೋಗೋಕೆ ಶುರುವಾಯ್ತು. ಕ್ಯಾಪ್ಟನ್‌ದೂ ತಪ್ಪಿಲ್ಲ, ಅವನೂ ಅದೇ ಬಾಲ್ ಹಿಂದೆ ಓಡ್ತಿರ್ತಾನೆ. ನಮ್ಮ ಸಿಲಬಸ್ ಭಾಷೆಯಲ್ಲೇ ಹೇಳ್ಬೇಕಂದ್ರೆ, ನಮ್ಮ ಟೀಮ್ ಒಂದು ಓಪನ್ ಲೂಪ್ ಸಿಸ್ಟಮ್. ಔಟ್‌ಪುಟ್ ಹೊರಗೆ ಹೋಗ್ತಾನೇ ಇರುತ್ತೆ, ಎಷ್ಟು ಎರರ್ ಇದೆ ಅಂತ ಅಳೆದು ವಾಪಸ್ ಕೊಡೋರು ಯಾರೂ ಇಲ್ಲ. ಕೋಚ್ ಅಂದ್ರೆ ಆ ಫೀಡ್‌ಬ್ಯಾಕ್.

ದೊಡ್ಡ ಮಟ್ಟದಲ್ಲೂ ಈ ಕೆಲಸ ಕಣ್ಣಿಗೆ ಬೀಳಲ್ಲ ಅನ್ನೋದಕ್ಕೆ ಬಾಸ್ನಿಯಾದ ವಾಹಿದ್ ಹಲಿಲ್‌ಹೋಜಿಚ್ ಅವರನ್ನ ನೋಡಿ. ಫ್ರಾನ್ಸ್‌ನ ನಾಂತ್ ಕ್ಲಬ್‌ನ ಸ್ಟ್ರೈಕರ್ ಆಗಿ 1983 ಮತ್ತು 1985ರಲ್ಲಿ ಫ್ರೆಂಚ್ ಲೀಗ್‌ನ ಟಾಪ್ ಸ್ಕೋರರ್. ತೊಂಬತ್ತರ ದಶಕದ ಯುದ್ಧದಲ್ಲಿ ಮೊಸ್ತಾರ್‌ನಲ್ಲಿದ್ದ ಮನೆ ಕಳ್ಕೊಂಡು ಫ್ರಾನ್ಸಿಗೆ ವಾಪಸ್ ಹೋದವರು, ಕೋಚ್ ಆಗಿ ಮತ್ತೆ ಸೊನ್ನೆಯಿಂದ ಶುರು ಮಾಡಿದ್ರು. ಲಿಲ್ ಕ್ಲಬ್ಬನ್ನ ಎರಡನೇ ಡಿವಿಷನ್‌ನಿಂದ ಎತ್ತಿ 2001ರಲ್ಲಿ ಫ್ರೆಂಚ್ ಲೀಗ್‌ನ ಮೂರನೇ ಸ್ಥಾನಕ್ಕೆ ತಂದ್ರು. ಆಮೇಲೆ ಐವರಿ ಕೋಸ್ಟ್, ಅಲ್ಜೀರಿಯಾ, ಜಪಾನ್, ಮೊರಾಕ್ಕೊ, ಈ ನಾಲ್ಕೂ ದೇಶಗಳನ್ನ ವರ್ಲ್ಡ್ ಕಪ್‌ಗೆ ಅರ್ಹತೆ ಪಡೆಯೋ ಹಾಗೆ ಮಾಡಿದ್ರು. ಆದ್ರೆ ವರ್ಲ್ಡ್ ಕಪ್‌ನಲ್ಲಿ ಸೈಡ್‌ಲೈನ್ ಪಕ್ಕ ನಿಲ್ಲೋಕೆ ಸಿಕ್ಕಿದ್ದು ಒಂದೇ ಸಲ, 2014ರಲ್ಲಿ ಅಲ್ಜೀರಿಯಾ ಜೊತೆ. ಆ ಟೀಮ್ ಮೊದಲ ಬಾರಿ ನಾಕೌಟ್‌ಗೆ ಹೋಗಿ, ಆ ವರ್ಷ ಕಪ್ ಗೆದ್ದ ಜರ್ಮನಿಯನ್ನೇ ಎಕ್ಸ್‌ಟ್ರಾ ಟೈಮ್‌ವರೆಗೂ ಎಳೀತು. ಉಳಿದ ಮೂರೂ ಸಲ ಟೂರ್ನಿಗೆ ಕೆಲವೇ ತಿಂಗಳು ಮುಂಚೆ ಕೆಲಸದಿಂದ ತೆಗೆದ್ರು. 2022ರಲ್ಲಿ ಅವರ ಜಾಗಕ್ಕೆ ಬಂದ ರೆಗ್ರಾಗಿ ಮೊರಾಕ್ಕೊವನ್ನ ಸೆಮಿಫೈನಲ್‌ಗೆ ಒಯ್ದರು, ಹಾಗಾಗಿ ತೆಗೆದಿದ್ದು ತಪ್ಪೇ ಅಂತ ನಾನು ವಾದ ಮಾಡಲ್ಲ. ಆದ್ರೆ ಅಡಿಪಾಯ ಹಾಕಿದವರು ಗೃಹಪ್ರವೇಶದ ಫೋಟೋದಲ್ಲಿ ಇರಲಿಲ್ಲ ಅನ್ನೋದು ಸತ್ಯ.

ಇನ್ನೊಂದು ಉದಾಹರಣೆ ಖುಷಿಯದ್ದು. ಖಾಲಿದ್ ಜಮೀಲ್ ಕೂಡ ಭಾರತಕ್ಕೆ ಆಡಿದ ಮಿಡ್‌ಫೀಲ್ಡರ್. ಗಾಯಗಳಿಂದ ಆಟ ನಿಂತ ಮೇಲೆ, ದುಡ್ಡಿಲ್ಲದ ಮುಂಬೈ ಎಫ್‌ಸಿಯನ್ನ ವರ್ಷಗಟ್ಟಲೆ ಲೀಗ್‌ನಲ್ಲಿ ಉಳಿಸಿಕೊಂಡ್ರು. ಅದಾದ ಮೇಲೆ 2016-17ರಲ್ಲಿ ಮಿಜೋರಾಂನ ಐಜ್ವಾಲ್ ಅನ್ನೋ ಸಣ್ಣ ಟೀಮ್‌ಗೆ ಐ-ಲೀಗ್ ಗೆದ್ದುಕೊಟ್ಟರು. 2025ರ ಆಗಸ್ಟ್‌ನಲ್ಲಿ ಭಾರತದ ಕೋಚ್ ಆದ್ರು. ಆ ಸಣ್ಣ ಕ್ಲಬ್‌ಗಳ ವರ್ಷಗಳೇ ಅವರ ಇಂಜಿನಿಯರಿಂಗ್ ಡಿಗ್ರಿ. ಚಾಪ್‌ಮನ್ ಅವರೂ ಅಂಥದ್ದೇ ಕ್ಲಬ್‌ಗಳಲ್ಲಿ ವರ್ಷಗಳನ್ನ ಹಾಕಿದ್ರು. ಇನ್ನಷ್ಟು ವರ್ಷ ಸಿಕ್ಕಿದ್ರೆ ಎಲ್ಲಿಗೆ ಹೋಗ್ತಿದ್ರೋ.

ಈಗ ನೀವು ಕೇಳಬಹುದು, ದೊಡ್ಡ ಆಟಗಾರರು ಕೆಟ್ಟ ಕೋಚ್ ಆಗಿರೋದೂ ಉಂಟಲ್ವಾ? ಉಂಟು. ಅದಕ್ಕೇ ಅಲ್ವಾ ಲೈಸೆನ್ಸ್ ಅಂತ ಇರೋದು. ಡಿ, ಸಿ, ಬಿ, ಎ, ಕೊನೆಗೆ ಪ್ರೊ ಅಂತ ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಆಡಿದ ಅನುಭವ ಒಂದು ಪ್ಲಸ್ ಪಾಯಿಂಟ್ ಅಷ್ಟೇ, ಅದೇ ಸರ್ಟಿಫಿಕೇಟ್ ಅಲ್ಲ. ಹಾಗೆ ನೋಡಿದ್ರೆ, ನಮ್ಮ ಕ್ಯಾಪ್ಟನ್ನೇ ಕೋಚ್ ಅನ್ನೋ ಪದ್ಧತಿ ತಪ್ಪು ಅಂತ ನಾನು ಹೇಳ್ತಿರೋದಕ್ಕೆ ಇದೇ ಕಾರಣ.

ಇನ್ನೊಂದು ಪ್ರಶ್ನೆ ನನ್ನ ರೂಮ್‌ಮೇಟ್‌ದು: "ಇಂಟರ್ನಲ್ಸ್, ಅಟೆಂಡೆನ್ಸು, ಪ್ಲೇಸ್‌ಮೆಂಟು ಅಂತ ಸಾಯ್ತಿರೋವಾಗ ಕೋಚ್ ಯಾಕ್ ಗುರು?" ಸರಿ, ನಮ್ಮಲ್ಲಿ ಯಾರೂ ಭಾರತಕ್ಕೆ ಆಡಲ್ಲ. ಆದ್ರೆ ನಾವು ಹೇಗಿದ್ರೂ ಆಡ್ತಾನೇ ಇದ್ದೀವಿ. ಹೆಬ್ಬಾಳ ಫ್ಲೈಓವರ್ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ನಿಂತು, ಟರ್ಫ್‌ಗೆ ಗಂಟೆಗೆ 1,200 ರೂಪಾಯಿ ಕೊಟ್ಟು, ಅದೇ ತಪ್ಪನ್ನ ಫ್ಲಡ್‌ಲೈಟ್ ಕೆಳಗೆ ಮಾಡಿ ಬರ್ತಿದ್ದೀವಿ. ಹುಲ್ಲಿಗೆ, ಲೈಟಿಗೆ, ಜೆರ್ಸಿಗೆ ದುಡ್ಡು ಕೊಡ್ತೀವಿ. ಆಟ ಗೊತ್ತಿರೋ ಮನುಷ್ಯರಿಗೆ ಮಾತ್ರ ಇವತ್ತಿನವರೆಗೂ ಒಂದು ರೂಪಾಯಿ ಕೊಟ್ಟಿಲ್ಲ.

ಅದೂ ಎಂಥ ಊರಲ್ಲಿದ್ದುಕೊಂಡು! 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇಟ್ಟಿದ್ದಾರೆ. ಎಚ್‌ಎಎಲ್, ಐಟಿಐ ಅಂಥ ಫ್ಯಾಕ್ಟರಿಗಳು ಟೀಮ್ ಕಟ್ಟಿ ಲೀಗ್ ಆಡಿಸಿದ ಊರು ಇದು. ಹಾಗೆ ಆಡಿದವರು ಈಗ ಎಲ್ಲಿದ್ದಾರೆ? ಕೆಲವರಾದ್ರೂ ಯಲಹಂಕದಲ್ಲಿ, ಆರ್.ಟಿ. ನಗರದಲ್ಲಿ, ಯಶವಂತಪುರದಲ್ಲಿ, ನಮ್ಮ ಪಕ್ಕದ ರಸ್ತೆಯಲ್ಲೇ ವಾಕಿಂಗ್ ಮಾಡ್ತಿರ್ತಾರೆ. ಅವರನ್ನ ನೆನೆಸಿಕೊಳ್ಳೋಕೆ ಅವರು ಹೋಗೋವರೆಗೂ ಕಾಯಬೇಕಾ?

ನನ್ನ ಪ್ರಸ್ತಾಪ ಇಷ್ಟೇ. ತಿಂಗಳಿಗೆ ನಾಲ್ಕು ಸಲ ಟರ್ಫ್‌ಗೆ ಹೋಗೋದನ್ನ ಎರಡಕ್ಕೆ ಇಳಿಸೋಣ. ಉಳಿದ ದುಡ್ಡಿಗೆ ಟೀಮ್‌ನಲ್ಲಿರೋ ಹದಿನೆಂಟು ಜನ ತಲೆಗೆ ನೂರಿನ್ನೂರು ಸೇರಿಸೋಣ. ಪಿಇ ಸರ್ ಹತ್ರ ಹೋಗಿ, ವಾರಕ್ಕೆ ಎರಡು ಸಂಜೆ ನಮ್ಮ ಗ್ರೌಂಡಿಗೇ ಒಬ್ಬ ಕೋಚ್ ಬರೋಕೆ ಪರ್ಮಿಷನ್ ಕೇಳೋಣ. ಲೀಗ್ ಆಡಿದವರು, ಲೈಸೆನ್ಸ್ ಇದ್ರೆ ಇನ್ನೂ ಒಳ್ಳೇದು. ಒಂದು ಸೆಮ್ ನೋಡೋಣ. ಮುಂದಿನ ಝೋನಲ್ಸ್‌ನಲ್ಲೂ 4-0 ಆದ್ರೆ ಇದೇ ಪತ್ರಿಕೆಯಲ್ಲಿ ನನ್ನ ಬೈದು ಬರೀರಿ.

ಆ ಶನಿವಾರ ನಾವು ಅಂಕಲ್‌ಗೆ ಥ್ಯಾಂಕ್ಸ್ ಹೇಳಿದ್ವಿ, ಅವರ ಹೆಸರೂ ಕೇಳಲಿಲ್ಲ, ನಂಬರೂ ತಗೊಳ್ಳಲಿಲ್ಲ. ಆಮೇಲೆ ಎರಡು ವಾರ ಅದೇ ಟೈಮಿಗೆ ಹೋಗಿ ನೋಡಿದೆ, ಸಿಗಲಿಲ್ಲ. ಈ ಶನಿವಾರ ಆರೂವರೆಗೆ ಮತ್ತೆ ಹೋಗ್ತಿದ್ದೀನಿ. ಬರೋರು ಹಾಸ್ಟೆಲ್ ಗೇಟ್ ಹತ್ರ ಐದೂವರೆಗೆ ಸಿಗಿ. ಗೇಮ್ ಸೇವ್ ಮಾಡಿ ಬನ್ನಿ.