ರೈಲ್ವೆ ನೌಕರಿ: ಮೊದಲು ಕೇಳಬೇಕಾದ್ದು ಅಪ್ರೆಂಟಿಸ್ ಸೀಟು

ಹೊಸಪೇಟೆಯಿಂದ ಕೊಟ್ಟೂರಿಗೆ ಮೀಟರ್ ಗೇಜ್ ಹಳಿ ಬಂದು ನೂರು ವರ್ಷ ದಾಟಿದೆ. ಅದು ಬ್ರಾಡ್‌ಗೇಜ್ ಆದ ಮೇಲೆ ಅದಿರು ಹೊತ್ತ ಗೂಡ್ಸ್ ಗಾಡಿಗಳು ಓಡಾಡಿದವು, ಜನ ಹತ್ತುವ ಗಾಡಿ ಮಾತ್ರ ನಿಂತೇಹೋಯಿತು. ಹಗರಿಬೊಮ್ಮನಹಳ್ಳಿ, ಕೊಟ್ಟೂರಿನವರು ಮನವಿ ಕೊಟ್ಟು, ಧರಣಿ ಕೂತು, ಹರಿಹರದವರೆಗೆ ಹೊಸ ಹಳಿ ಬಿದ್ದ ಮೇಲೂ ವರ್ಷಗಟ್ಟಲೆ ಕಾದು, ಕೊನೆಗೆ 2019ರಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಗಾಡಿಯನ್ನು ಪಡೆದರು. ಕೂಡ್ಲಿಗಿ ಮತ್ತು ಹೂವಿನಹಡಗಲಿ ಪಟ್ಟಣಗಳಿಗೆ ಇವತ್ತಿಗೂ ಹಳಿ ಇಲ್ಲ, ಅದಕ್ಕಾಗಿ ಕೇಳುತ್ತಲೇ ಇದ್ದಾರೆ. ಆ ಬೇಡಿಕೆ ನ್ಯಾಯವಾದದ್ದೇ. ಆದರೆ ಹಳಿಯ ಹಿಂದೆಯೇ ನೌಕರಿಯೂ ಬರುತ್ತದೆಂಬ ನಂಬಿಕೆ ಅದರ ಜತೆಗೆ ಬೆಳೆದಿದೆ, ಅದು ನಿಜವಲ್ಲ. ಹೊಸ ಮಾರ್ಗದ ಮಣ್ಣು ಕೆಲಸ, ಸೇತುವೆ ಕೆಲಸವೆಲ್ಲ ಗುತ್ತಿಗೆದಾರರದ್ದು. ಸ್ಟೇಷನ್ ಸ್ವಚ್ಛತೆಯೂ ಬಹುತೇಕ ಗುತ್ತಿಗೆಯಲ್ಲೇ ನಡೆಯುತ್ತದೆ. ಟ್ರ್ಯಾಕ್‌ಮ್ಯಾನ್, ಪಾಯಿಂಟ್ಸ್‌ಮನ್, ಸ್ಟೇಷನ್ ಮಾಸ್ಟರ್ ಹುದ್ದೆಗಳು ಕಾಯಂ ಹುದ್ದೆಗಳು ನಿಜ, ಆದರೆ ಅವು ಕೊಟ್ಟೂರಿನ ಹುದ್ದೆಗಳೂ ಅಲ್ಲ, ಹರಪನಹಳ್ಳಿಯ ಹುದ್ದೆಗಳೂ ಅಲ್ಲ. ಇಡೀ ನೈರುತ್ಯ ರೈಲ್ವೆ ವಲಯಕ್ಕೆ ಸೇರಿದವು. ಅವನ್ನು ತುಂಬುವುದು ರೈಲ್ವೆ ನೇಮಕಾತಿ ಮಂಡಳಿ. ದೇಶದ ಯಾವ ಮೂಲೆಯ ಅಭ್ಯರ್ಥಿಯಾದರೂ ಬೆಂಗಳೂರಿನ ಮಂಡಳಿಯನ್ನು ಆಯ್ದುಕೊಂಡು ಅರ್ಜಿ ಹಾಕಬಹುದು.

ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಕೋಗಳಿ ಸೀಮೆಯ ಐದು ತಾಲ್ಲೂಕುಗಳಿಗೆ ಇದನ್ನು ಒಪ್ಪಿಕೊಳ್ಳುವುದು ಕಷ್ಟವಾಗಲು ಕಾರಣವಿದೆ. ಸಂವಿಧಾನದ 371(ಜೆ) ವಿಧಿ ಇಲ್ಲಿನ ಯುವಜನರಿಗೆ ಬೇರೆ ಲೆಕ್ಕವನ್ನು ಕಲಿಸಿದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ರಾಜ್ಯ ಸರ್ಕಾರದ ‘ಸಿ’ ದರ್ಜೆ ಹುದ್ದೆಗಳ ಶೇ 80, ‘ಡಿ’ ದರ್ಜೆಯ ಶೇ 85 ಈ ಭಾಗದವರಿಗೇ ಮೀಸಲು. ದಾವಣಗೆರೆ ಜಿಲ್ಲೆಯಲ್ಲಿದ್ದ ಕಾರಣಕ್ಕೆ ಹೊರಗುಳಿದಿದ್ದ ಹರಪನಹಳ್ಳಿ, ಹೋರಾಡಿಯೇ ಆ ಸವಲತ್ತು ಪಡೆಯಿತು. ಆ ಹೋರಾಟದ ಫಲ ಕಣ್ಣಮುಂದಿರುವಾಗ ರೈಲ್ವೆಯಲ್ಲೂ ಅದನ್ನೇ ಕೇಳೋಣ ಎನ್ನಿಸುವುದು ಸಹಜ. ಆದರೆ 371(ಜೆ) ಕೇಂದ್ರದ ಹುದ್ದೆಗಳಿಗೆ ಅನ್ವಯಿಸುವುದಿಲ್ಲ. ಜನ್ಮಸ್ಥಳ ಅಥವಾ ವಾಸಸ್ಥಳದ ಆಧಾರದಲ್ಲಿ ಸರ್ಕಾರಿ ಹುದ್ದೆಯಲ್ಲಿ ಭೇದ ಮಾಡಕೂಡದೆಂದು ಸಂವಿಧಾನದ 16(2) ಹೇಳುತ್ತದೆ. ವಾಸದ ಷರತ್ತು ಹಾಕಲು 16(3) ಸಂಸತ್ತಿಗೆ ಕೊಟ್ಟಿರುವ ಅಧಿಕಾರವೂ ರಾಜ್ಯಗಳ ಹಾಗೂ ಸ್ಥಳೀಯ ಸಂಸ್ಥೆಗಳ ಹುದ್ದೆಗಳಿಗೆ ಸೀಮಿತ. 1983ರಲ್ಲಿ ರಚನೆಯಾದ ಸರೋಜಿನಿ ಮಹಿಷಿ ಸಮಿತಿ ಕೇಂದ್ರದ ಕೆಳದರ್ಜೆ ಹುದ್ದೆಗಳೆಲ್ಲ ಕನ್ನಡಿಗರಿಗೇ ಸಿಗಬೇಕೆಂದಿತು. ನಾಲ್ಕು ದಶಕ ಕಳೆದರೂ ಆ ಶಿಫಾರಸು ರೈಲ್ವೆಯಲ್ಲಿ ಜಾರಿಗೆ ಬರದಿರಲು ರಾಜಕೀಯ ಇಚ್ಛೆಯ ಕೊರತೆ ಒಂದು ಕಾರಣ, ಈ ಸಾಂವಿಧಾನಿಕ ಗೋಡೆ ಇನ್ನೊಂದು. ಹುದ್ದೆಯಲ್ಲಿ ಮೀಸಲು ಕೇಳಿ ಬೀದಿಗಿಳಿಯುವ ಪ್ರತಿ ಹೋರಾಟವೂ ಕೊನೆಗೆ ಇದೇ ಗೋಡೆಯ ಮುಂದೆ ಬಂದು ನಿಲ್ಲುತ್ತದೆ.

ಇನ್ನು ಪೈಪೋಟಿಯ ಅಳತೆ ನೋಡಿ. 2025ರ ಜನವರಿಯಲ್ಲಿ ಕರೆದ ಲೆವೆಲ್-1, ಅಂದರೆ ಹಳೆಯ ‘ಗ್ರೂಪ್ ಡಿ’ ನೇಮಕಾತಿಯಲ್ಲಿ ದೇಶದಾದ್ಯಂತ 32,438 ಹುದ್ದೆಗಳಿದ್ದವು. ಅರ್ಜಿ ಹಾಕಿದವರು ಒಂದು ಕೋಟಿಗೂ ಹೆಚ್ಚು. ಒಂದು ಹುದ್ದೆಗೆ ಮುನ್ನೂರಕ್ಕಿಂತ ಹೆಚ್ಚು ಮಂದಿ. ನೈರುತ್ಯ ರೈಲ್ವೆಯ ಪಾಲಿಗೆ ಬಂದದ್ದು ಬರೀ 503. ಇದಕ್ಕೂ ಹಿಂದಿನ ಲೆವೆಲ್-1 ನೇಮಕಾತಿಯ ಅಧಿಸೂಚನೆ ಹೊರಟಿದ್ದು 2019ರಲ್ಲಿ, ಪರೀಕ್ಷೆ ನಡೆದದ್ದು 2022ರಲ್ಲಿ. ಹತ್ತನೇ ತರಗತಿ ಮುಗಿಸಿ, ಧಾರವಾಡದಲ್ಲೋ ವಿಜಯಪುರದಲ್ಲೋ ಕೋಣೆ ಬಾಡಿಗೆಗೆ ಹಿಡಿದು ಓದುವ ಹುಡುಗನಿಗೆ ಮೂರು ವರ್ಷದ ಕಾಯುವಿಕೆ ಎಂದರೆ ಮನೆಯ ಸಾಲ ಮೂರು ವರ್ಷ ಬೆಳೆಯಿತೆಂದೇ ಅರ್ಥ. 2024ರಿಂದ ರೈಲ್ವೆ ವಾರ್ಷಿಕ ನೇಮಕಾತಿ ವೇಳಾಪಟ್ಟಿ ಪ್ರಕಟಿಸುತ್ತಿದೆ, ಒಳ್ಳೆಯ ಬದಲಾವಣೆ. ಆದರೂ ಒಂದು ಕೋಟಿ ಜನ ನಿಂತ ಸಾಲಿನ ಕೊನೆಗೆ ಹೋಗಿ ನಿಲ್ಲುವುದೊಂದೇ ದಾರಿಯೆಂದು ಕೂಡ್ಲಿಗಿಯ ಹುಡುಗನಿಗೆ ಹೇಳುವುದು ಸರಿಯಲ್ಲ, ಇನ್ನೊಂದು ದಾರಿ ಇರುವಾಗ.

ಆ ದಾರಿ ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಹುಬ್ಬಳ್ಳಿಯಲ್ಲಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ರೈಲ್ವೆಯ ವರ್ಕ್‌ಶಾಪ್‌ಗಳು ಮತ್ತು ವಿಭಾಗಗಳು ಐಟಿಐ ಮುಗಿಸಿದವರಿಗೆ ತರಬೇತಿ ಕೊಡಬೇಕು. 2023–24ನೇ ಸಾಲಿಗೆ ನೈರುತ್ಯ ರೈಲ್ವೆ ಕರೆದದ್ದು 904 ಸೀಟು: ಹುಬ್ಬಳ್ಳಿ ವಿಭಾಗ 237, ಹುಬ್ಬಳ್ಳಿಯ ಬೋಗಿ ರಿಪೇರಿ ವರ್ಕ್‌ಶಾಪ್ 217, ಬೆಂಗಳೂರು ವಿಭಾಗ 230, ಮೈಸೂರು ವಿಭಾಗ 177, ಮೈಸೂರು ವರ್ಕ್‌ಶಾಪ್ 43. ಇದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಹತ್ತನೇ ತರಗತಿಯಲ್ಲಿ ಶೇ 50 ಇರಬೇಕು; ಹತ್ತನೆಯ ಮತ್ತು ಐಟಿಐಯ ಅಂಕಗಳ ಸರಾಸರಿ ಮೇಲೆ ಪಟ್ಟಿ ತಯಾರಾಗುತ್ತದೆ. ವಯಸ್ಸು 15ರಿಂದ 24, ಮೀಸಲು ವರ್ಗಗಳಿಗೆ ಸಡಿಲಿಕೆ ಉಂಟು. ಮುಖ್ಯವಾದ ಮಾತೆಂದರೆ, ರೈಲ್ವೆಯಲ್ಲೇ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್-1 ಹುದ್ದೆಗಳಲ್ಲಿ ಶೇ 20 ಮೀಸಲು. 503 ಹುದ್ದೆಗಳಲ್ಲಿ ಅದು ಸುಮಾರು ನೂರು. ಐದು ವರ್ಷದ ಬ್ಯಾಚುಗಳು ಒಟ್ಟಾಗಿ ಪೈಪೋಟಿಗೆ ಬಂದರೂ ನಾಲ್ಕೂವರೆ ಸಾವಿರ ಮಂದಿ, ಅಂದರೆ ನಲವತ್ತೈದಕ್ಕೆ ಒಂದು. ಬೇರೆ ವಲಯಗಳಲ್ಲಿ ತರಬೇತಿ ಪಡೆದವರು ಬಂದು ಸೇರಿ ಅದು ಇಮ್ಮಡಿಯಾದರೂ, ಮುನ್ನೂರಕ್ಕೆ ಒಂದು ಎಂಬ ಸಾಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಸ್ಥಳೀಯರಿಗೆ ಆದ್ಯತೆ ಕೇಳುವುದಕ್ಕೆ ಕಾನೂನಿನ ಬಾಗಿಲು ತೆರೆದಿರುವುದೂ ಇಲ್ಲೇ. ಅಪ್ರೆಂಟಿಸ್ ಆದವರು ತರಬೇತಿ ಪಡೆಯುವವರೇ ಹೊರತು ಕೆಲಸಗಾರರಲ್ಲ ಎಂದು ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ. ಹಾಗಾದರೆ ಹುದ್ದೆಗಳಿಗೆ ಇರುವ 16ನೇ ವಿಧಿಯ ತಡೆ ತರಬೇತಿ ಸೀಟಿಗೆ ಅದೇ ಬಿಗಿಯಲ್ಲಿ ಅನ್ವಯಿಸಬೇಕಿಲ್ಲ. ಶಿಕ್ಷಣದ ವಿಚಾರದಲ್ಲಿ ವಾಸಸ್ಥಳ ಬೇರೆ, ಜನ್ಮಸ್ಥಳ ಬೇರೆ ಎಂದು ಡಿ.ಪಿ. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿ, ವಾಸಿಗಳಿಗೆ ಕೊಟ್ಟ ರಿಯಾಯಿತಿಯನ್ನು ಎತ್ತಿಹಿಡಿದಿತ್ತು. ಇದು ಬರೀ ವಾದವೂ ಅಲ್ಲ. ಚೆನ್ನೈ ಕೇಂದ್ರವಾಗಿರುವ ದಕ್ಷಿಣ ರೈಲ್ವೆ ತನ್ನ ಅಪ್ರೆಂಟಿಸ್ ಅಧಿಸೂಚನೆಗಳಲ್ಲಿ ಯಾರು ಅರ್ಜಿ ಹಾಕಬಹುದೆಂದು ಸ್ಪಷ್ಟವಾಗಿ ಬರೆಯುತ್ತದೆ: ತಮಿಳುನಾಡು, ಕೇರಳ, ಪುದುಚೇರಿ, ಅಂಡಮಾನ್, ಲಕ್ಷದ್ವೀಪ, ಆಂಧ್ರದ ನೆಲ್ಲೂರು ಮತ್ತು ಚಿತ್ತೂರು, ಕರ್ನಾಟಕದ ದಕ್ಷಿಣ ಕನ್ನಡ ಜಿಲ್ಲೆಯ ನಿವಾಸಿಗಳು ಮಾತ್ರ. ಒಂದು ವಲಯ ತನ್ನ ವ್ಯಾಪ್ತಿಯ ಜಿಲ್ಲೆಗಳ ಹೆಸರನ್ನೇ ಬರೆದು ತರಬೇತಿ ಸೀಟು ಕಾಯುತ್ತಿರುವಾಗ, ಹುಬ್ಬಳ್ಳಿಯ ಅಧಿಸೂಚನೆಯಲ್ಲೂ ವಿಜಯನಗರ, ಬಳ್ಳಾರಿ, ಕೊಪ್ಪಳ, ಗದಗ ಎಂಬ ಹೆಸರುಗಳು ಇರಬೇಕೆಂದು ಸಂಸದರು, ಶಾಸಕರು ಪ್ರತಿವರ್ಷ ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಸಂವಿಧಾನ ತಿದ್ದುಪಡಿ ಬೇಡದ, ಹೊಸ ಯೋಜನೆ ಬೇಡದ, ಒಂದು ಅಧಿಸೂಚನೆಯ ಒಂದು ಪ್ಯಾರಾದಲ್ಲಿ ಮುಗಿಯುವ ಬೇಡಿಕೆ ಇದು.

ಅಪ್ರೆಂಟಿಸ್ ಮುಗಿಸಿದವರಿಗೆ ನೌಕರಿಯ ಭರವಸೆ ಎಲ್ಲಿದೆ ಎಂಬ ಆಕ್ಷೇಪಕ್ಕೆ ಬಲವಿದೆ. 2018ರ ಮಾರ್ಚ್‌ನಲ್ಲಿ ಮುಂಬೈನ ಮಾಟುಂಗಾ–ದಾದರ್ ನಡುವೆ ನೂರಾರು ಯುವಕರು ಹಳಿಯ ಮೇಲೆ ಕೂತು ಲೋಕಲ್ ಗಾಡಿಗಳನ್ನು ತಡೆದದ್ದು ಇದೇ ಸಂಕಟಕ್ಕೆ: ತರಬೇತಿ ಆಯಿತು, ಕೆಲಸ ಎಲ್ಲಿ? ಶೇ 20ರ ಪಾಲು ಸಾಲದು, ಪರೀಕ್ಷೆಯಿಲ್ಲದೆ ಸೇರಿಸಿಕೊಳ್ಳಿ ಎಂದು ಅವರು ಕೇಳಿದರು. ಕೆಲಸ ಕೊಡಲೇಬೇಕೆಂಬ ಕಟ್ಟುಪಾಡು ಕಾಯ್ದೆಯಲ್ಲಿಲ್ಲ, ಇದನ್ನು ಮುಚ್ಚಿಡಬಾರದು. ಆದರೆ 1995ರಲ್ಲಿ ಉತ್ತರ ಪ್ರದೇಶದ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಸಮವಾಗಿದ್ದರೆ ನೇರವಾಗಿ ಬಂದವರಿಗಿಂತ ತರಬೇತಿ ಪಡೆದವರಿಗೆ ಆದ್ಯತೆ ಕೊಡಬೇಕೆಂದಿತು. 2014ರ ತಿದ್ದುಪಡಿಯ ನಂತರ, ತನ್ನಲ್ಲಿ ತರಬೇತಿ ಮುಗಿಸಿದವರನ್ನು ನೇಮಿಸಿಕೊಳ್ಳುವ ಬಗ್ಗೆ ಪ್ರತಿ ಸಂಸ್ಥೆಯೂ ನೀತಿ ರೂಪಿಸಬೇಕು. ಶೇ 20ನ್ನು ಹೆಚ್ಚಿಸಿ ಎಂದು ಕೇಳಲು ಇದಕ್ಕಿಂತ ಗಟ್ಟಿ ನೆಲೆ ಬೇಡ. ರೈಲ್ವೆ ಸಿಗದವನ ಕೈಯಲ್ಲೂ ದೇಶದೆಲ್ಲೆಡೆ ನಡೆಯುವ ಅಪ್ರೆಂಟಿಸ್ ಪ್ರಮಾಣಪತ್ರ ಉಳಿಯುತ್ತದೆ. ವೆಲ್ಡರ್, ಫಿಟ್ಟರ್, ಎಲೆಕ್ಟ್ರಿಷಿಯನ್‌ಗಳಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದೂರವಿಲ್ಲ. ಬರೀ ಪರೀಕ್ಷೆಗೆ ಕೂತು ಸೋತವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮಂಡ್ಯದ ಕಬ್ಬಿನ ಗದ್ದೆಗೆ, ಮಲೆನಾಡಿನ ಕಾಫಿ ತೋಟಕ್ಕೆ ಗುಳೆ ಹೋಗುವ ತಾಂಡಾಗಳ ಮನೆಗೆ ಈ ವ್ಯತ್ಯಾಸ ಸಣ್ಣದಲ್ಲ.

ಮತ್ತೊಂದು ಆಕ್ಷೇಪ ಅಂಕಗಳದ್ದು. ಬೇರೆ ಬೇರೆ ರಾಜ್ಯಗಳ ಮಂಡಳಿಗಳ ಅಂಕವನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಧಾರಾಳವಾಗಿ ಅಂಕ ಕೊಡುವ ಮಂಡಳಿಯವರೇ ಪಟ್ಟಿಯ ಮೇಲೆ ಕೂರುತ್ತಾರೆ, ನಮ್ಮ ಹಳ್ಳಿಯ ಮಕ್ಕಳು ಕೆಳಗುಳಿಯುತ್ತಾರೆ. ನಿಜ, ವಲಯದ ನಿವಾಸಿಗಳಿಗೇ ಸೀಟು ಎನ್ನುವ ಬೇಡಿಕೆಗೆ ಇದೂ ಒಂದು ಕಾರಣ. ಇದರಲ್ಲೇ ನಮ್ಮ ಶಾಲೆಗಳಿಗೂ ಹೇಳಬೇಕಾದ್ದಿದೆ: ಹತ್ತನೇ ತರಗತಿಯನ್ನು ಹೇಗೋ ಪಾಸಾದರೆ ಸಾಕೆಂದು ಬಿಟ್ಟ ಹುಡುಗ, ನಾಲ್ಕು ವರ್ಷದ ನಂತರ ಆ ಅಂಕಪಟ್ಟಿಯಿಂದಲೇ ವರ್ಕ್‌ಶಾಪಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಈ ಮಾತನ್ನು ಒಂಬತ್ತನೇ ತರಗತಿಯಲ್ಲೇ ಯಾರಾದರೂ ಹೇಳಬೇಕು.

ಪರೀಕ್ಷೆ ಇಂಗ್ಲಿಷ್, ಹಿಂದಿಯವರಿಗೆ ಅನುಕೂಲ ಎಂಬ ದೂರು ಈಗ ಅರ್ಧ ಮಾತ್ರ ನಿಜ. ನೇಮಕಾತಿ ಮಂಡಳಿಯ ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು; ಅರ್ಜಿ ತುಂಬುವಾಗ ಕನ್ನಡ ಆಯ್ದುಕೊಂಡರಾಯಿತು. ಸಹಾಯಕ ಲೋಕೊ ಪೈಲಟ್‌ನಂಥ ಕೆಲವು ಹುದ್ದೆಗಳಿಗೆ ಮಾತ್ರ ಕೊನೆಯಲ್ಲೊಂದು ಮನೋಸಾಮರ್ಥ್ಯ ಪರೀಕ್ಷೆ ಇದೆ. ಅದರ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತವೆ, ಪ್ರತಿ ವಿಭಾಗದಲ್ಲೂ ಕನಿಷ್ಠ 42 ಅಂಕ ಬರಲೇಬೇಕು. ಎರಡು ಹಂತ ಕನ್ನಡದಲ್ಲಿ ಗೆದ್ದು ಬಂದವನು ಮೂರನೆಯದರಲ್ಲಿ ಭಾಷೆಯಿಂದ ಎಡವುವುದು ಅನ್ಯಾಯ. ಇಲಾಖೆಯೊಳಗಿನ ಬಡ್ತಿ ಪರೀಕ್ಷೆಯಲ್ಲಿ ಕನ್ನಡವಿಲ್ಲ ಎಂಬ ಆಕ್ರೋಶ 2024ರಲ್ಲಿ ಎದ್ದಾಗ ರೈಲ್ವೆ ಖಾತೆ ರಾಜ್ಯ ಸಚಿವ ವಿ. ಸೋಮಣ್ಣ ಅವಕಾಶ ಕೊಡಿಸಿದರು. ಅದು ಸಾಧ್ಯವಾದರೆ ಇದೂ ಸಾಧ್ಯ.

ತಾಲ್ಲೂಕು ಮಟ್ಟದಲ್ಲೇ ಆಗಬೇಕಾದ ಕೆಲಸಗಳೂ ಇವೆ. ವಾಲ್ಮೀಕಿ ನಾಯಕರು ಹೆಚ್ಚಿರುವ ಕೂಡ್ಲಿಗಿಗೆ, ಲಂಬಾಣಿ ತಾಂಡಾಗಳು ಹರಡಿರುವ ಹಡಗಲಿ, ಹರಪನಹಳ್ಳಿಗಳಿಗೆ ನೈರುತ್ಯ ರೈಲ್ವೆಯ ಆ 503ರಲ್ಲಿ ಪರಿಶಿಷ್ಟ ಜಾತಿಗೆ 75, ಪಂಗಡಕ್ಕೆ 37 ಇದ್ದವು ಎಂಬುದು ಬರೀ ಅಂಕಿಯಲ್ಲ. ಆ ಪಾಲಿಗೆ ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇಕು. ಹಿಂದುಳಿದ ವರ್ಗದವರಿಗೆ ರಾಜ್ಯದ 2ಎ, 3ಬಿ ಎಂಬ ವಿಂಗಡಣೆ ಅಲ್ಲಿ ನಡೆಯುವುದಿಲ್ಲ. ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಎಲ್ಲ ಗೆದ್ದು ದಾಖಲೆ ಪರಿಶೀಲನೆಯಲ್ಲಿ ಕಾಗದ ಸರಿಯಿಲ್ಲವೆಂದು ವಾಪಸಾಗುವುದನ್ನು ತಹಶೀಲ್ದಾರ್ ಕಚೇರಿ ತಪ್ಪಿಸಬಲ್ಲದು. ಹೆಣ್ಣುಮಕ್ಕಳಿಗೂ ಲೆವೆಲ್-1ರ ಬಾಗಿಲು ತೆರೆದಿದೆ. 20 ಕೆ.ಜಿ. ಹೊತ್ತು 100 ಮೀಟರನ್ನು ಎರಡು ನಿಮಿಷದಲ್ಲಿ ನಡೆದು, ಒಂದು ಕಿ.ಮೀ.ಯನ್ನು 5 ನಿಮಿಷ 40 ಸೆಕೆಂಡಿನಲ್ಲಿ ಓಡಬೇಕು. ಹೊಲ, ನೀರು, ಸೌದೆ ಎಂದು ಬೆಳೆದ ಈ ಸೀಮೆಯ ಹುಡುಗಿಯರು ತಿಂಗಳೆರಡು ಅಭ್ಯಾಸ ಮಾಡಿದರೆ ಇದು ಕೈಗೆಟುಕದ್ದೇನಲ್ಲ. ಅರ್ಜಿಯ ಖರ್ಚೂ ಅಡ್ಡಿಯಾಗಬೇಕಿಲ್ಲ: ಮಹಿಳೆಯರು ಮತ್ತು ಪರಿಶಿಷ್ಟರು ಕಟ್ಟುವ 250 ರೂಪಾಯಿ ಪರೀಕ್ಷೆಗೆ ಹಾಜರಾದರೆ ವಾಪಸ್ ಬರುತ್ತದೆ. ರೈಲ್ವೆ ಕೆಲಸ ಕೊಡಿಸುತ್ತೇನೆಂದು ಲಕ್ಷಗಟ್ಟಲೆ ಕೇಳುವ ದಲ್ಲಾಳಿಗೆ ಹೊಲ ಅಡವಿಡುವ ಮನೆಗಳಿಗೆ ಈ 250 ರೂಪಾಯಿಯ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆದು ತೋರಿಸಬೇಕು.

ಐಟಿಐಗಳ ವೇಳಾಪಟ್ಟಿಯೂ ಸರಿಹೋಗಬೇಕು. ನೈರುತ್ಯ ರೈಲ್ವೆಯ ಆ 904 ಸೀಟುಗಳ ಅಧಿಸೂಚನೆ ಹೊರಟದ್ದು ಜುಲೈನಲ್ಲಿ. ಕೊನೆಯ ವರ್ಷದ ಐಟಿಐ ಪರೀಕ್ಷೆಯೂ ಅದರ ಆಸುಪಾಸಿನಲ್ಲೇ ನಡೆಯುತ್ತದೆ. ಫಲಿತಾಂಶ ಕಾಯುತ್ತಿರುವವರು ಅರ್ಜಿ ಹಾಕುವಂತಿಲ್ಲ. ಹೀಗೆ ಪಾಸಾಗುವ ಪ್ರತಿ ಬ್ಯಾಚೂ ಒಂದು ವರ್ಷ ಸುಮ್ಮನೆ ಕೂರುತ್ತದೆ, ಆ ವರ್ಷದಲ್ಲಿ ಹುಡುಗ ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದರೆ ಮತ್ತೆ ಅರ್ಜಿಯತ್ತ ತಿರುಗುವುದು ಅನುಮಾನ. ಅಧಿಸೂಚನೆಯನ್ನು ಎರಡು ತಿಂಗಳು ಮುಂದೆ ಹಾಕಿ ಎಂದು ರಾಜ್ಯದ ಕೌಶಲ ಇಲಾಖೆ ಹುಬ್ಬಳ್ಳಿಗೆ ಪತ್ರ ಬರೆಯಲಿ, ಅಥವಾ ಫಲಿತಾಂಶವನ್ನು ಬೇಗ ಕೊಡಿ ಎಂದು ದೆಹಲಿಯ ತರಬೇತಿ ಮಹಾನಿರ್ದೇಶನಾಲಯಕ್ಕೆ ಬರೆಯಲಿ. ಎರಡರಲ್ಲಿ ಒಂದು ಆಗಲೇಬೇಕು, ಮುಂದಿನ ಜುಲೈಗೆ ಮೊದಲೇ.