‘ಎವರೇಜ್’ ಲೆಕ್ಕದಾಗ ನಮ್ಮ ಬೈಕೂ ಬರಲಿ



ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಯಾರಾದರೂ ಹೊಸ ಗಾಡಿ ತಂದರೆ ಮಂದಿ ಮೊದಲು ಕೇಳುವ ಮಾತು ಒಂದೇ: “ಎವರೇಜ್ ಎಷ್ಟ ಕೊಡತೈತಿ?” ಬಣ್ಣ, ಕಂಪನಿ ಎಲ್ಲಾ ಆಮ್ಯಾಲೆ. ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದೇ ಮುಖ್ಯ. ಇದೇ ಪ್ರಶ್ನೆಯನ್ನು ಸರಕಾರವೂ ಕಾರು ಕಂಪನಿಗಳಿಗೆ ಕೇಳುತ್ತದೆ. ಆದರೆ ನಮ್ಮಂಥ ಹಳ್ಳಿಯವರು ಓಡಿಸುವ ಬೈಕಿನ ಬಗ್ಗೆ ಅಷ್ಟು ಬಿಗಿಯಾಗಿ ಕೇಳುತ್ತಿಲ್ಲ. ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ನಿಯಮ ಏನೆಂದು ತಿಳಿಯೋಣ. 1973ರಲ್ಲಿ ಅರಬ್ ದೇಶಗಳು ತೈಲ ಕೊಡುವುದನ್ನು ನಿಲ್ಲಿಸಿದಾಗ ಅಮೆರಿಕಕ್ಕೆ ಬಿಸಿ ತಟ್ಟಿತು. 1975ರಲ್ಲಿ ಅಲ್ಲಿ ಇಂಥ ಕಾಯಿದೆ ಹುಟ್ಟಿತು. ನಮ್ಮ ದೇಶದಲ್ಲಿ 2017ರ ಏಪ್ರಿಲ್‌ನಿಂದ ಜಾರಿಗೆ ಬಂತು. ಒಂದು ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ತೆಗೆಯುತ್ತಾರೆ. ಮೊದಲ ಹಂತದಲ್ಲಿ 100 ಕಿ.ಮೀ.ಗೆ ಸುಮಾರು 5.5 ಲೀಟರ್ ಎಂದು ಗೆರೆ ಹಾಕಿದರು. 2022ರಲ್ಲಿ ಅದನ್ನು ಸುಮಾರು 4.8 ಲೀಟರ್‌ಗೆ ಇಳಿಸಿದರು. ಅಂದರೆ ಲೀಟರಿಗೆ 18 ಇದ್ದದ್ದು 21 ಕಿ.ಮೀ. ಆಯಿತು. ಗೆರೆ ದಾಟಿದ ಕಂಪನಿಗೆ ಕಾರೊಂದಕ್ಕೆ 25,000 ಅಥವಾ 50,000 ರೂಪಾಯಿ ದಂಡ ಎಂದು 2022ರ ತಿದ್ದುಪಡಿ ಕಾಯಿದೆ ಹೇಳಿತು.

ಇಷ್ಟು ಒಳ್ಳೆಯದಾತು. ಆದರೆ ಈ ಕೊಡಕ್ಕೆ ಎರಡು ತೂತು ಅದಾವ. ಒಂದು, ಗೆರೆ ಎಲ್ಲರಿಗೂ ಸಮ ಅಲ್ಲ. 2022ರ ಲೆಕ್ಕದಲ್ಲಿ ಕಂಪನಿಯ ಕಾರುಗಳ ಸರಾಸರಿ ತೂಕ 100 ಕೆ.ಜಿ. ಹೆಚ್ಚಾದರೆ, 100 ಕಿ.ಮೀ.ಗೆ 0.2 ಲೀಟರ್ ಹೆಚ್ಚು ಸುಡಲು ಅವಕಾಶ ಕೊಟ್ಟರು. ಭಾರದ ಗಾಡಿಗೆ ಎಣ್ಣೆ ಹೆಚ್ಚು ಬೇಕು, ಖರೆ. ಆದರೆ ಕಷ್ಟಪಟ್ಟು ಗಾಡಿ ಹಗುರ ಮಾಡಿದವನಿಗೆ ಗೆರೆ ಇನ್ನೂ ಬಿಗಿಯಾಗುತ್ತದೆ. ಇದು ಯಾವ ನ್ಯಾಯ? ಎರಡು, ಒಂದು ಬ್ಯಾಟರಿ ಕಾರು ಮಾರಿದರೆ ಅದನ್ನು ಮೂರು ಎಂದು ಎಣಿಸಲು ಬಿಟ್ಟರು. ನಮ್ಮ ತರಗತಿಯಲ್ಲಿ 95 ಅಂಕ ತಗೊಂಡವರನ್ನು ಮೂರು ಸಲ ಎಣಿಸಿದರೆ ಸರಾಸರಿ ಏರುತ್ತದೆ. ಆದರೆ 20 ತಗೊಂಡವರು ಪಾಸ್ ಆಗತಾರೇನು?

2027ರಿಂದ ಬರಬೇಕಾದ ಮೂರನೇ ಹಂತದ ಕರಡನ್ನು 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದರು. 909 ಕೆ.ಜಿ. ಒಳಗಿನ ಸಣ್ಣ ಕಾರುಗಳಿಗೆ ಸ್ವಲ್ಪ ರಿಯಾಯಿತಿ ಎಂದು ಅದರಲ್ಲಿತ್ತು. ಸಣ್ಣ ಕಾರು ಹೆಚ್ಚು ಮಾರುವ ಮಾರುತಿ ಸುಜುಕಿ ಬೇಕು ಅಂದಿತು. ಟಾಟಾ, ಮಹೀಂದ್ರಾ ಬೇಡ ಅಂದವು. ಪೇಪರಿನಲ್ಲಿ ದೊಡ್ಡ ಜಗಳ. ಆದರೆ ಎರಡೂ ಕಡೆಯವರ ಮಾತು ಕಾರಿನ ಸುತ್ತಲೇ ತಿರುಗಿತು.

ನಮ್ಮ ದೇಶದ ಪೆಟ್ರೋಲ್ ಹೆಚ್ಚು ಕುಡಿಯುವುದು ಕಾರು ಅಲ್ಲ ಮಿತ್ರರೇ! 2014ರಲ್ಲಿ ಪ್ರಕಟವಾದ ಕೇಂದ್ರ ಪೆಟ್ರೋಲಿಯಂ ಇಲಾಖೆಯ ಸಮೀಕ್ಷೆಯ ಪ್ರಕಾರ, ಬಂಕಿನಲ್ಲಿ ಮಾರಿದ ಪೆಟ್ರೋಲಿನ ಶೇಕಡಾ 61ರಷ್ಟನ್ನು ದ್ವಿಚಕ್ರ ವಾಹನಗಳೇ ಬಳಸಿದವು. ಕಾರುಗಳ ಪಾಲು ಶೇಕಡಾ 34ರ ಆಸುಪಾಸು. 12 ಟನ್ ಮತ್ತು ಮೇಲ್ಪಟ್ಟ ಲಾರಿ, ಬಸ್ಸುಗಳಿಗೂ 2017ರಲ್ಲಿ ಬೇರೆ ನಿಯಮ ಮಾಡಿದರು. ಆದರೆ ಕಾರಿನ ಸರಾಸರಿ ಲೆಕ್ಕದೊಳಗೆ ಬೈಕು ಬರುವುದಿಲ್ಲ.

“ಬೈಕು ಹೆಂಗೂ ಐವತ್ತು ಕೊಡತೈತಿ, ಅದಕ್ಯಾಕ ನಿಯಮ? ನಿಯಮ ಮಾಡಿದರ ರೇಟ್ ಏರತೈತಿ” ಎನ್ನುವವರು ಇದ್ದಾರೆ. ಅವರಿಗೆ ಒಂದು ಲೆಕ್ಕ ಕೊಡುತ್ತೇನೆ. ಹಳ್ಳಿಯಿಂದ ಅಮರಗೋಳದ ಎ.ಪಿ.ಎಂ.ಸಿ.ಗೆ ಹಮಾಲಿಗೆ, ಹುಬ್ಬಳ್ಳಿಗೆ ಗೌಂಡಿ ಕೆಲಸಕ್ಕೆ, ಮನಿ ಮನಿಗೆ ಹಾಲು ಹಾಕಲಿಕ್ಕೆ ಹೋಗುವವರು ದಿನಕ್ಕೆ 40 ಕಿ.ಮೀ. ಓಡಿಸುತ್ತಾರೆ ಎನ್ನಿ. 300 ದಿನಕ್ಕೆ 12,000 ಕಿ.ಮೀ. ಬೈಕು ಲೀಟರಿಗೆ 50 ಕೊಟ್ಟರೆ 240 ಲೀಟರ್ ಬೇಕು. 60 ಕೊಟ್ಟರೆ 200 ಲೀಟರ್ ಸಾಕು. ಲೀಟರಿಗೆ 100 ರೂಪಾಯಿ ಹಿಡಿದರೂ ವರ್ಷಕ್ಕೆ 4,000 ರೂಪಾಯಿ ಉಳಿಯಿತು. ಬೈಕಿನ ಬೆಲೆ 5,000 ಏರಿದರೂ 15 ತಿಂಗಳಲ್ಲಿ ವಸೂಲು. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಅದು ಪೆಟ್ರೋಲಿಗೂ ಸಲ್ಲುತ್ತದೆ. ಆ 4,000ದಾಗ ನಮ್ಮಂಥವರ ನೋಟ್‌ಬುಕ್ಕು, ಯುನಿಫಾರ್ಮ್ ಎರಡೂ ಆಗತಾವ.

ಹುಬ್ಬಳ್ಳಿಯಲ್ಲೇ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ಸಂಸ್ಥೆಯಲ್ಲಿ ಬಸ್ಸಿನ ಕೆ.ಎಂ.ಪಿ.ಎಲ್. ಲೆಕ್ಕ ಇಡುತ್ತಾರೆ. ಲೀಟರ್ ಡೀಸೆಲಿಗೆ ಎಷ್ಟು ಓಡಿಸಿದಿ ಎಂದು ಡ್ರೈವರನನ್ನು ಕೇಳುತ್ತಾರೆ. ನಮ್ಮ ಎರಿ ಭೂಮಿಯ ರಸ್ತೆ ಮಳಿಗಾಲದಾಗ ಹೆಂಗ ಒಡೀತಾವ ಎಲ್ಲರಿಗೂ ಗೊತ್ತು. ಅಂಥ ರಸ್ತೆಯಲ್ಲಿ ಓಡಿಸುವವನು ಲೆಕ್ಕ ಕೊಡಬೇಕಾದರೆ, ಗಾಡಿ ಮಾಡಿ ಮಾರುವ ಕಂಪನಿ ಯಾಕೆ ಕೊಡಬಾರದು?

ದಂಡವಿಲ್ಲದ ನಿಯಮವೂ ಬೇಡ. ಅಮೆರಿಕದಲ್ಲಿ 2025ರ ಜುಲೈನಲ್ಲಿ ಕಾಯಿದೆ ತಂದು ಈ ದಂಡವನ್ನೇ ಸೊನ್ನೆ ಮಾಡಿದರು. ಹೊಲಕ್ಕೆ ಬೇಲಿ ಇದ್ದು ಬಾಗಿಲು ತೆರೆದಿಟ್ಟರೆ ದನ ಸುಮ್ಮನೆ ಇರತಾವೇನು?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಬೈಕು ಕಂಪನಿಗಳಿಗೂ ಸರಾಸರಿಯ ಗೆರೆ ಹಾಕಬೇಕು. ಭಾರ ಹೆಚ್ಚಾದಷ್ಟೂ ಸಿಗುವ ಸಡಿಲು ಕಡಿಮೆಯಾಗಬೇಕು. ಒಂದನ್ನು ಒಂದೆಂದೇ ಎಣಿಸಬೇಕು.

ನಿಮ್ಮ ಮನೆಯ ಗಾಡಿ ಎಷ್ಟು ಕೊಡುತ್ತದೆ? ಕಂಪನಿ ಹೇಳಿದ್ದೆಷ್ಟು? ಮನೆಯವರನ್ನು ಕೇಳಿ, ಲೆಕ್ಕ ಹಾಕಿ ಬರೆದು ತನ್ನಿರಿ. ನನ್ನ ಮಾತು ಒಪ್ಪದಿದ್ದರೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಪಕ್ಕಪಕ್ಕದಲ್ಲೇ ಹಚ್ಚೋಣ.

— 10ನೇ ತರಗತಿಯ ವಿದ್ಯಾರ್ಥಿನಿ